ಸಾಸ್ವೆಹಳ್ಳಿಯ ಮೇಲೆ ಎರಡು ಸುತ್ತು

ಮೊನ್ನೆ ಅನ್ನ ಸೀದುಹೋಯಿತು. ಫೋನಿನಲ್ಲಿ ಯಾರೊಂದಿಗೋ ಜಗಳಕ್ಕೆ ನಿಂತಿದ್ದೆ, ಗ್ಯಾಸಿನ ಮೇಲೆ ಪಾತ್ರೆ ಇಟ್ಟದ್ದು ಮರೆತೇಹೋಗಿತ್ತು. ಬೇರೆಯವರಾದರೆ ಓಡಿಹೋಗಿ ಒಲೆ ಆರಿಸುತ್ತಾರೆ, ಕಿಟಕಿ ತೆಗೆಯುತ್ತಾರೆ, ತಮ್ಮ ಮರೆವಿಗೆ ಒಂದಿಷ್ಟು ಶಾಪ ಹಾಕುತ್ತಾರೆ. ನಾನು ಅಡುಗೆಮನೆಯ ಬಾಗಿಲಲ್ಲಿ ಸುಮ್ಮನೆ ನಿಂತುಬಿಟ್ಟೆ. ತಳ ಹತ್ತಿದ ಅನ್ನದ ವಾಸನೆ ಮೂಗಿಗೆ ಬಿದ್ದರೆ ನನಗೆ ಆ ಮಳೆಗಾಲ ಪೂರ್ತಿ ನೆನಪಾಗುತ್ತದೆ, ಒಂದು ದಿನವನ್ನೂ ಬಿಡುವುದಿಲ್ಲ. ಕೊನೆಗೆ ಪಕ್ಕದ ಮನೆಯವರು ಬಂದು ಬಾಗಿಲು ಬಡಿದರು.

ನಾನು ವಿಮಾನ ಓಡಿಸುವವಳು. ಎಡಗಡೆಯ ಕ್ಯಾಪ್ಟನ್ ಸೀಟಿಗೆ ಇನ್ನೂ ಬಂದಿಲ್ಲ, ಬಲಗಡೆಯ ಸಹಪೈಲಟ್. ನಮ್ಮದು ಎಪ್ಪತ್ತು ಜನ ಹಿಡಿಸುವ, ರೆಕ್ಕೆಗೊಂದು ಫ್ಯಾನು ಇರುವ ಸಣ್ಣ ವಿಮಾನ. ನನ್ನ ಚಿಗವ್ವ ನಾಗಮ್ಮ ಅದಕ್ಕೆ ‘ಫ್ಯಾನಿನ ಬಸ್ಸು’ ಎಂದು ಹೆಸರಿಟ್ಟಿದ್ದಳು. ಬಸ್ಸಿನ ವಿಷಯ ಅವಳಿಗೆ ಚೆನ್ನಾಗಿ ಗೊತ್ತಿತ್ತು. ನನ್ನ ಅವ್ವ ನಾನು ನಾಲ್ಕು ವರ್ಷದವಳಿದ್ದಾಗ ಹೋದಳು. ಅಪ್ಪ ಜಗಳೂರು ಕಡೆಯ ಬಿಳಿಚೋಡಿನವನು, ಸರ್ಕಾರಿ ಬಸ್ಸಿನ ಡ್ರೈವರ್. ನ್ಯಾಮತಿಯಿಂದ ಹೊನ್ನಾಳಿ, ಅಲ್ಲಿಂದ ಸಾಸ್ವೆಹಳ್ಳಿ, ಬಸವಾಪಟ್ಟಣ, ಚನ್ನಗಿರಿ, ಮತ್ತೆ ಅದೇ ದಾರಿ. ಕತ್ತಲಾಗುವ ಹೊತ್ತಿಗೆ ಸಾಸ್ವೆಹಳ್ಳಿಯಲ್ಲಿ ಹಾಲ್ಟು. ಹಾಗಾಗಿ ಅವ್ವನ ತಂಗಿ ನನ್ನನ್ನು ಅಲ್ಲೇ ಇಟ್ಟುಕೊಂಡು ಸಾಕಿದಳು, ತನ್ನ ಮಗ ಮಂಜಣ್ಣನ ಜೊತೆಗೆ.

ಚಿಗವ್ವ ಗಡಿಯಾರ ನೋಡಿ ಅಡುಗೆ ಮಾಡಿದ್ದನ್ನು ನಾನು ಕಂಡಿಲ್ಲ. ಊರ ಮುಂದಿನ ತಿರುವಿನಲ್ಲಿ ಅಪ್ಪನ ಬಸ್ಸು ಗೇರು ಬದಲಿಸುವ ಸದ್ದು ಕೇಳಿಸಬೇಕು, ಆಗ ಅವಳು ಅನ್ನಕ್ಕಿಡಬೇಕು. ಅಪ್ಪ ಬಸ್ಸು ನಿಲ್ಲಿಸಿ, ಕಂಡಕ್ಟರ್ ಜೊತೆ ಎರಡು ಮಾತಾಡಿ, ಕಾಲು ತೊಳೆದು ಒಳಗೆ ಬರುವುದಕ್ಕೂ ಅನ್ನ ಆಗುವುದಕ್ಕೂ ಸರಿಹೋಗುತ್ತಿತ್ತು. ಬಸ್ಸು ಕೆಟ್ಟು ನಿಂತ ದಿನ ನಮಗೂ ಊಟ ತಡ. "ಹಸಿವಾಗ್ತೈತೆ ಚಿಗವ್ವ" ಎಂದರೆ, "ಸದ್ದು ಬರ್ಲಿ ತಡಿಯೇ, ಬಂದವ್ರಿಗೆ ತಣ್ಣನ್ನ ಹಾಕಾಕೆ ನಾನೇನ್ ಖಾನಾವಳಿ ಇಟ್ಟೀನಾ" ಎನ್ನುತ್ತಿದ್ದಳು.

ಅಪ್ಪನಿಗೂ ಒಂದು ನೇಮವಿತ್ತು. ಬಸವಾಪಟ್ಟಣದ ದಾರಿಯಲ್ಲಿ ಒಂದು ಹಳ್ಳ, ಅದರ ಮೇಲೆ ತಗ್ಗಿನ ಸೇತುವೆ, ಅಂಚಿಗೆ ಸುಣ್ಣ ಬಳಿದ ಗೂಟಗಲ್ಲುಗಳು. ಮಳೆಗಾಲದಲ್ಲಿ ಸೇತುವೆಯ ಮೇಲೆ ನೀರು ಹರಿಯುತ್ತಿದ್ದಾಗ ಕಲ್ಲಿನ ತಲೆ ಕಂಡರೆ ದಾಟುವುದು, ಕಾಣದಿದ್ದರೆ ಬಸ್ಸು ತಿರುಗಿಸುವುದು. ಜನ ಬೈಯುತ್ತಿದ್ದರು. "ಏನ್ರೀ ಡ್ರೈವರ್ರೇ, ಮೊಣಕಾಲುದ್ದದ ನೀರಿಗೆ ಹೆದರ್ತೀರಲ್ರೀ." ಅಪ್ಪ ತಿರುಗಿ ನೋಡದೆ, "ನೀವು ಇಳ್ದು ನಡ್ಕೊಂಡ್ ಹೋಗ್ರಿ, ನಿಮ್ಮ ಕಾಲು ನಿಮ್ದು. ಬಸ್ಸು ನಂದು" ಎನ್ನುತ್ತಿದ್ದ. ನಿಜವಾಗಿಯೂ ಒಂದಿಷ್ಟು ಜನ ಪಂಚೆ ಎತ್ತಿ ಕಟ್ಟಿ, ಕೈ ಕೈ ಹಿಡಿದು ದಾಟಿಹೋಗುತ್ತಿದ್ದರು. ಡ್ರೈವರ್ ಸೀಟಿನ ಹಿಂದೆ ಕೂತು ನಾನು ಅದನ್ನೆಲ್ಲ ನೋಡಿದ್ದೇನೆ.

ನಾನು ಪೈಲಟ್ ಆದದ್ದು ಬೇರೆಯದೇ ಪುರಾಣ, ಇಲ್ಲಿ ಬೇಡ. ಆ ವರ್ಷ ಆರಿದ್ರಾ ಮಳೆ ಹಿಡಿಯುವ ಹೊತ್ತಿಗೆ ನನಗೆ ಹೈದರಾಬಾದಿನಿಂದ ನಮ್ಮ ಸೀಮೆಗೆ ಹತ್ತಿರದ ಹೊಸ ನಿಲ್ದಾಣಕ್ಕೆ ಬರುವ ಬೆಳಗಿನ ಸರದಿ ಸಿಕ್ಕಿತು. ಕುಣಿದುಬಿಟ್ಟೆ. ಜಗಳೂರಿನ ಮೇಲೆ ಬರುವಾಗ ಬಿಸಿಲು, ಕೆಳಗೆ ಬಿಳಿಚೋಡಿನ ಕೆಂಪು ಹೊಲಗಳು. ಅಲ್ಲಿಂದ ನಾಲ್ಕು ನಿಮಿಷ ಕಳೆದರೆ ಚನ್ನಗಿರಿ, ಸೂಳೆಕೆರೆಯ ಮೇಲೆ ಮೋಡದ ಗೋಡೆ. ಸೂಳೆಕೆರೆ ದಾಟಿದ ಮೇಲೆ ನಾವು ಆ ಗೋಡೆಯೊಳಗೆ ಇಳಿಯಬೇಕು.

ಇಳಿಯುವುದು ಹೇಗೆ ಎಂದು ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ನನ್ನ ಸಂಕಟ ತಿಳಿಯುವುದಿಲ್ಲ. ದೊಡ್ಡ ನಿಲ್ದಾಣಗಳಲ್ಲಿ ನೆಲದಿಂದ ಎರಡು ಸೂಚನೆ ಬರುತ್ತವೆ. ನೀವು ರನ್‌ವೇಯ ಎಡಕ್ಕಿದ್ದೀರೋ ಬಲಕ್ಕಿದ್ದೀರೋ ಎಂದು ಒಂದು ಹೇಳುತ್ತದೆ, ಹೆಚ್ಚು ಮೇಲಿದ್ದೀರೋ ಕೆಳಗಿದ್ದೀರೋ ಎಂದು ಇನ್ನೊಂದು. ಆ ವರ್ಷ ನಮಗೆ ಅಲ್ಲಿ ಮೊದಲನೆಯದು ಮಾತ್ರ ಸಿಗುತ್ತಿತ್ತು. ಎತ್ತರದ ಲೆಕ್ಕ ನಮ್ಮದೇ. ಹತ್ತು ಮೈಲಿಯಲ್ಲಿ ಇಷ್ಟು ಅಡಿ, ಎಂಟರಲ್ಲಿ ಇಷ್ಟು, ಆರರಲ್ಲಿ ಇಷ್ಟು ಎಂದು ಹಾಳೆಯಲ್ಲಿ ಬರೆದಿರುತ್ತದೆ. ಕ್ಯಾಪ್ಟನ್ ಇಳಿಸುತ್ತಾರೆ, ನಾನು ಮಗ್ಗಿ ಒಪ್ಪಿಸುವ ಹಾಗೆ ಓದುತ್ತಾ ಹೋಗುತ್ತೇನೆ. ಕೊನೆಗೆ ಒಂದು ಎತ್ತರ ಬರುತ್ತದೆ. ಅದಕ್ಕಿಂತ ಕೆಳಗೆ ಹೋಗಬೇಕಾದರೆ ರನ್‌ವೇಯೋ ಅದರ ದೀಪಗಳೋ ಕಣ್ಣಿಗೆ ಕಾಣಲೇಬೇಕು. ಕಾಣದಿದ್ದರೆ ‘ಗೋ ಅರೌಂಡ್’, ಅಂದರೆ ಇಂಜಿನ್ನಿಗೆ ಪೂರ್ತಿ ಶಕ್ತಿ ಕೊಟ್ಟು ಮತ್ತೆ ಮೇಲಕ್ಕೆ. ಇಬ್ಬರಲ್ಲಿ ಯಾರು ಆ ಮಾತು ಹೇಳಿದರೂ ಇನ್ನೊಬ್ಬರು ವಾದಿಸುವ ಹಾಗಿಲ್ಲ. ಹೀಗೆ ಎರಡು ಸಲ ಪ್ರಯತ್ನ, ಮೂರನೆಯದಿಲ್ಲ. ಬೇರೆ ಊರಿಗೆ ಹೋಗಬೇಕು.

ಮೊದಲ ವಾರದಲ್ಲೇ ನಾನೊಂದು ತಪ್ಪು ಮಾಡಿದೆ. ಕ್ಯಾಪ್ಟನ್ ಶೆಟ್ಟರು, ಮಂಗಳೂರು ಕಡೆಯವರು, ಇಳಿಸುತ್ತಿದ್ದರು. ಹೊರಗೆ ನೋಡುವ ಕೆಲಸ ನನ್ನದು. ಆ ಕೊನೆಯ ಎತ್ತರಕ್ಕೆ ಬಂದಾಗ ಮೋಡ ಒಂದು ಕಡೆ ಹರಿದು ಕೆಳಗೆ ಭದ್ರಾ ನಾಲೆಯ ತಿರುವು ಕಂಡಿತು, ಅದರ ಪಕ್ಕ ನೀಲಿ ತಗಡಿನ ಅಕ್ಕಿ ಗಿರಣಿ. ಚಿಗಪ್ಪ ಇದ್ದಾಗ ಭತ್ತದ ಟ್ರ್ಯಾಕ್ಟರ್ ಹತ್ತಿ ಆ ಗಿರಣಿಗೆ ಎಷ್ಟು ಸಲ ಹೋಗಿದ್ದೆನೋ. ಅಲ್ಲಿಂದ ರನ್‌ವೇ ನೇರಕ್ಕೆ ಎರಡು ಮೈಲಿ. ಬಾಯಿ ತಡೆಯಲಿಲ್ಲ, "ಕಂಡಿತು" ಎಂದುಬಿಟ್ಟೆ. ಶೆಟ್ಟರು ನನ್ನ ಮಾತು ನಂಬಿ ವಿಮಾನದ ಮೂತಿ ಇಳಿಸಿ ಮುಂದೆ ನೋಡಿದರು. ಮುಂದೆ ಬರೀ ಬಿಳಿ. ತಕ್ಷಣ ಅವರೇ ಗೋ ಅರೌಂಡ್ ಹೇಳಿ ಎತ್ತಿದರು. ಎರಡನೇ ಸಲ ಮೋಡ ಬಿಟ್ಟುಕೊಟ್ಟಿತು, ಇಳಿದೆವು.

ಕಾಕ್‌ಪಿಟ್ಟಿನ ಮಾತೆಲ್ಲ ಇಂಗ್ಲಿಷಿನಲ್ಲಿ. ಬೈಯುವುದನ್ನು ಮಾತ್ರ ಶೆಟ್ಟರು ಕನ್ನಡದಲ್ಲಿ ಬೈಯುತ್ತಿದ್ದರು. ಇಂಜಿನ್ ನಿಂತ ಮೇಲೆ ಕೇಳಿದರು. "ಎಂತ ಕಂಡದ್ದು ನಿನಗೆ?"

"ಅಕ್ಕಿ ಗಿರಣಿ, ಸರ್. ಅಲ್ಲಿಂದ ಎರಡೇ ಮೈಲಿ. ನಮ್ಮ ಕಡೆಯದು, ಚೆನ್ನಾಗಿ ಗೊತ್ತು."

"ಗಿರಣಿ ಮೇಲೆ ಇಳಿಯುವುದಾ ಮಾರಾಯ್ತಿ? ಗೊತ್ತಿರುವುದು ಬೇರೆ, ಕಾಣುವುದು ಬೇರೆ. ಊರು ಗೊತ್ತಿರುವವರ ಜೊತೆ ಹಾರ್ಲಿಕ್ಕೇ ನನಗೆ ಹೆದರಿಕೆ."

ನಾಚಿಕೆಯಿಂದ ಸತ್ತೆ. ಬೇರೆ ಊರಿನವಳಾಗಿದ್ದರೆ ಆ ತಪ್ಪು ನನ್ನಿಂದ ಆಗುತ್ತಲೇ ಇರಲಿಲ್ಲ, ಆಗ ನನಗೆ ಅದು ಯಾವುದೋ ಒಂದು ತಗಡು ಅಷ್ಟೆ. ಆ ದಿನದಿಂದ ಗಿರಣಿ ಕಂಡರೆ ಹಲ್ಲು ಕಚ್ಚಿಕೊಂಡು ಸುಮ್ಮನಿರುವುದನ್ನು ಕಲಿತೆ.

ಗೋ ಅರೌಂಡ್ ಆದ ವಿಮಾನ ಬಲಕ್ಕೆ ತಿರುಗಿ, ಏರಿ, ತುಂಗಭದ್ರೆಯ ದಂಡೆಯ ಮೇಲೆ ಒಂದು ಸುತ್ತು ಹಾಕಿ ಮತ್ತೆ ಸೂಳೆಕೆರೆ ಕಡೆ ಹೋಗಿ ಸಾಲಿಗೆ ಬರಬೇಕು. ಆ ಸುತ್ತು ಸರಿಯಾಗಿ ಸಾಸ್ವೆಹಳ್ಳಿಯ ಮೇಲೆ ಬೀಳುತ್ತಿತ್ತು. ಆ ದಿನ ಸಂಜೆ ಫೋನಿನಲ್ಲಿ ಚಿಗವ್ವ ಕೇಳಿದಳು. "ಇವತ್ತು ಮನೆ ಮೇಲೆ ಗುಂಯ್ ಅಂತಿದ್ದೋಳು ನೀನೇನೇ? ಇಳಿಯಾಕೆ ಜಾಗ ಸಿಗ್ಲಿಲ್ವಾ?"

ಜುಲೈನಲ್ಲಿ ಒಂದು ದಿನ ವಿಮಾನದ ಚಕ್ರಕ್ಕೆ ಏನೋ ತೊಂದರೆಯಾಗಿ ನಮ್ಮನ್ನು ಅಲ್ಲೇ ಉಳಿಸಿದರು. ನಾನು ಬಾಡಿಗೆ ಕಾರು ಹಿಡಿದು ಯೂನಿಫಾರ್ಮಿನಲ್ಲೇ ಸಾಸ್ವೆಹಳ್ಳಿಗೆ ಹೋದೆ. ಚಿಗವ್ವ ಸೊರಗಿದ್ದಳು. ಕಿಡ್ನಿ ಕೈಕೊಟ್ಟು ವರ್ಷವಾಗಿತ್ತು, ವಾರಕ್ಕೆ ಎರಡು ಸಲ ಡಯಾಲಿಸಿಸ್. ಮಂಜಣ್ಣ ಹೈದರಾಬಾದಿನಲ್ಲಿ ಗ್ರಾನೈಟ್ ಕೂರಿಸುವ ಮೇಸ್ತ್ರಿ, ಮನೆಯಲ್ಲಿ ಅವನ ಹೆಂಡತಿ ಸುಮ ಅತ್ತಿಗೆಯೇ ಎಲ್ಲ ನೋಡಿಕೊಳ್ಳುತ್ತಿದ್ದಳು. ಚಿಗವ್ವ ನನ್ನ ಭುಜದ ಪಟ್ಟಿ ಮುಟ್ಟಿ ನೋಡಿ, "ಮೂರು ಗೆರೆ ಐತಲ್ಲ, ವಿಭೂತಿನ ಹೆಗಲಿಗ್ ಬಳ್ಕೊಂಡೀಯೇನೇ" ಎಂದು ನಕ್ಕಳು. ಅನ್ನ, ಹುಳ್ಳಿಕಾಳು ಸಾರು, ಹಪ್ಪಳ. ಮೂರು ಸಲ ಹಾಕಿಸಿಕೊಂಡು ಉಂಡೆ.

"ನಿನ್ನ ಸದ್ದು ಕೇಳ್ದಾಗ್ಲೆಲ್ಲ ಒಂದು ಪಾವು ಹೆಚ್ಗೆ ಇಡ್ತೀನಿ ಕಣೆ" ಎಂದಳು. "ಸುಮ ಬೈತಾಳೆ. ನೀನು ಬರ್ತೀಯೋ ಇಲ್ವೋ ಹೆಂಗ್ ಗೊತ್ತಾಗ್ಬೇಕು ನಂಗೆ?"

ನಾನು ತಮಾಷೆಗೆ ಪಾಠ ಮಾಡಿದೆ. "ನೋಡು ಚಿಗವ್ವ, ಮನೆ ಮೇಲೆ ಸದ್ದೇ ಬರ್ಲಿಲ್ಲ ಅಂದ್ರೆ ಸುಸೂತ್ರ ಇಳ್ದೀವಿ. ಒಂದ್ಸಲ ಬಂತು ಅಂದ್ರೆ ಇನ್ನೊಂದ್ಸಲ ನೋಡ್ತೀವಿ, ಆಸೆ ಐತೆ, ಅನ್ನಕ್ಕಿಡು. ಎರಡ್ನೇ ಸಲ ಬಂತು ಅಂದ್ರೆ ಬ್ಯಾರೆ ಊರಿಗೆ ಹೊಂಟ್ವಿ. ಒಲೆ ಆರ್ಸು."

"ಒಂದಕ್ಕೆ ಇಡು, ಎರಡಕ್ಕೆ ಆರ್ಸು" ಎಂದು ಅವಳು ಬೆರಳು ಮಡಚಿ ಒಪ್ಪಿಸಿದಳು. ಅತ್ತಿಗೆ ನಕ್ಕಳು, ನಾನೂ ನಕ್ಕೆ. ಆ ಮಳೆಗಾಲದಲ್ಲಿ ನಾನು ಉಂಡ ಒಳ್ಳೆಯ ಊಟ ಅದೊಂದೇ.

ಆಶ್ಲೇಷ ಮಳೆಯ ಹೊತ್ತಿಗೆ ಡಾಕ್ಟರು, "ಮನೆಗೆ ಕರ್ಕೊಂಡು ಹೋಗಿ" ಎಂದರು. ಅದರ ಅರ್ಥ ಎಲ್ಲರಿಗೂ ಗೊತ್ತು. ಅತ್ತಿಗೆ ಸಂಜೆ ಮಂಜಣ್ಣನಿಗೆ ಫೋನು ಮಾಡಿ ಹೊರಟು ಬಾ ಎಂದಳು. ನಾನು ಆ ದಿನ ಹೈದರಾಬಾದಿನಲ್ಲೇ ಇದ್ದೆ. ನಾನು ಫೋನು ಮಾಡಿದಾಗ ಅವನು ಆಗಲೇ ಬಸ್ ಸ್ಟ್ಯಾಂಡಿಗೆ ಬಂದು ದಾವಣಗೆರೆಗೆ ಟಿಕೇಟು ತೆಗೆಸಿದ್ದ. ಬೆಳಿಗ್ಗೆ ಎಂಟಕ್ಕೆಲ್ಲ ಮನೆ ಸೇರುತ್ತಿದ್ದ.

"ಬಸ್ಸು ಯಾಕೆ ಮಂಜಣ್ಣ, ಕೂತು ಕೂತು ಸೊಂಟ ಹೋಗ್ತೈತೆ" ಎಂದೆ. "ಬೆಳಗ್ಗೆ ನನ್ನ ಫ್ಲೈಟ್ ಐತೆ. ಹತ್ತೂವರೆಗೆ ಇಳಿಸ್ತೀನಿ, ಊಟದ ಹೊತ್ತಿಗೆ ಚಿಗವ್ವನ ಮುಂದೆ ಕೂತಿರ್ತೀಯ. ನಿನ್ನ ತಂಗಿ ಓಡಿಸೋ ವಿಮಾನ ನೀನು ಯಾವತ್ತು ಹತ್ತೋದು?"

ಈ ಮಾತಿನಲ್ಲಿ ಅರ್ಧ ಅವನ ಮೇಲಿನ ಅಕ್ಕರೆ. ಇನ್ನರ್ಧ ಏನು ಎಂದು ಈಗ ಮುಚ್ಚಿಟ್ಟು ಪ್ರಯೋಜನವಿಲ್ಲ, ನನ್ನ ಡೌಲು. ನಾನೇ ಅವನನ್ನು ತಂದು ಮನೆಗೆ ಮುಟ್ಟಿಸಿದೆ ಅನ್ನಿಸಿಕೊಳ್ಳಬೇಕಿತ್ತು. ಅವನು ಸ್ವಲ್ಪ ಅನುಮಾನ ಮಾಡಿ, ಆಮೇಲೆ ಬಸ್ಸಿನ ಟಿಕೇಟು ವಾಪಸ್ ಕೊಟ್ಟ.

ಬೆಳಿಗ್ಗೆ ಅವನಿಗೆ ಏಳನೇ ಸಾಲಿನ ಕಿಟಕಿಯ ಸೀಟು ಸಿಕ್ಕಿತು. ಹತ್ತುವಾಗ ಕಾಕ್‌ಪಿಟ್ಟಿನ ಕಡೆ ಇಣುಕಿ, ಒಳಗಿನ ಬಟನ್‌ಗಳನ್ನೆಲ್ಲ ನೋಡಿ, "ಇಷ್ಟೂ ನಿಂಗೆ ಗೊತ್ತೈತೇನೇ ಗಿರಿಜಿ" ಎಂದ. ಶೆಟ್ಟರು, "ಅರ್ಧ ಗೊತ್ತುಂಟು, ಇನ್ನರ್ಧ ನನ್ನನ್ನು ಕೇಳ್ತಾಳೆ" ಎಂದರು. ಅವನು ಯಾಕೆ ಊರಿಗೆ ಹೋಗುತ್ತಿದ್ದಾನೆ ಎಂದು ನಾನು ಶೆಟ್ಟರಿಗೆ ಹೇಳಲಿಲ್ಲ. ಹೇಳಿದರೆ ಅವರ ತಲೆಯ ಮೇಲೂ ಆ ಭಾರ ಬೀಳುತ್ತದೆ, ಅದು ಸರಿಯಲ್ಲ ಅನ್ನಿಸಿತು.

ಜಗಳೂರಿನ ಮೇಲೆ ಬಿಸಿಲಿತ್ತು. ಸೂಳೆಕೆರೆ ಮೋಡದಡಿ ಮುಚ್ಚಿಹೋಗಿತ್ತು. ಕೆಳಗಿನಿಂದ ಬಂದ ಹವಾಮಾನದ ವರದಿ ಅತ್ತಲೂ ಇಲ್ಲ ಇತ್ತಲೂ ಇಲ್ಲ; ಪ್ರಯತ್ನಿಸಬಹುದು, ಸಿಗುತ್ತದೆ ಎಂದು ಹೇಳುವ ಹಾಗಿಲ್ಲ. ಹತ್ತು ಮೈಲಿ, ಎಂಟು, ಆರು, ನಾಲ್ಕು. ನಾನು ಅಂಕಿ ಓದುತ್ತಾ ಹೋದೆ. ಆ ಕೊನೆಯ ಎತ್ತರ ಬಂತು. ಗಾಜಿನ ಮುಂದೆ ಸುಣ್ಣದ ನೀರು ಹೊಯ್ದಂತೆ ಬಿಳಿ. ಶೆಟ್ಟರು ತಾವೇ ಗೋ ಅರೌಂಡ್ ಎಂದು ಎತ್ತಿದರು. ಬಲಕ್ಕೆ ತಿರುಗಿ ಏರಿ ಸಾಸ್ವೆಹಳ್ಳಿಯ ಮೇಲೆ ಸುತ್ತು ಹಾಕಿದೆವು. ಕೆಳಗೆ ಏನೂ ಕಾಣುತ್ತಿರಲಿಲ್ಲ. ಪರದೆಯ ಮೇಲೆ ನಮ್ಮ ವಿಮಾನದ ಸಣ್ಣ ಗುರುತು ಮಾತ್ರ ಮೆಲ್ಲಗೆ ತಿರುಗುತ್ತಿತ್ತು. ಒಂದು, ಎಂದುಕೊಂಡೆ. ಅನ್ನಕ್ಕಿಡು ಚಿಗವ್ವ.

ಎರಡನೇ ಸಲ ಮೋಡ ಸ್ವಲ್ಪ ಹರಿದಿತ್ತು. ನಾಲ್ಕು ಮೈಲಿಗೆ ಬಂದಾಗ ಪಕ್ಕದ ಗಾಜಿನಲ್ಲಿ ಗದ್ದೆಯ ಹಸಿರು ಮಿಂಚಿ ಮಾಯವಾಯಿತು. ಮೂರು ಮೈಲಿ. ಒಂದು ರಸ್ತೆ, ರಸ್ತೆಯ ಮೇಲೆ ಲಾರಿ. ಕೊನೆಯ ಎತ್ತರಕ್ಕೆ ಬಂದು ಮಟ್ಟಸವಾದೆವು. ಆಗ ನೇರ ಕೆಳಗೆ ನಾಲೆಯ ತಿರುವು, ಪಕ್ಕದಲ್ಲಿ ಆ ನೀಲಿ ತಗಡು. ಎರಡೇ ಮೈಲಿ. ಒಂದು ನಿಮಿಷದ ದಾರಿ. ರನ್‌ವೇ ಅಲ್ಲೇ ಇದೆ, ಮೂತಿಯ ನೇರಕ್ಕೆ ಇದೆ ಎಂದು ನನ್ನ ಹೆಸರು ಗೊತ್ತಿದ್ದಷ್ಟೇ ಖಂಡಿತವಾಗಿ ನನಗೆ ಗೊತ್ತಿತ್ತು. ಮುಂದೆ ನೋಡಿದೆ. ಬಿಳಿ.

"ಗಿರಿಜಾ?" ಎಂದರು ಶೆಟ್ಟರು.

ಅವರು ನನ್ನನ್ನು ನಂಬುತ್ತಿದ್ದರು. ಆ ಬೈಗುಳದ ನಂತರ ನಾನು ಒಂದು ಸಲವೂ ಸುಳ್ಳು ಹೇಳಿರಲಿಲ್ಲ. ಕಂಡಿತು ಎಂದರೆ ಅವರು ಇಳಿಸುತ್ತಿದ್ದರು. ಇಳಿಸಿದ ಮೇಲೆ ಬಹುಶಃ ರನ್‌ವೇ ಕಾಣುತ್ತಿತ್ತು. ಬಹುಶಃ ಅಷ್ಟೆ. ಹಿಂದೆ ಎಪ್ಪತ್ತು ಜನ ಕೂತಿದ್ದರು, ಅವರಲ್ಲಿ ಮಂಜಣ್ಣನೂ ಒಬ್ಬ.

"ಏನೂ ಕಾಣ್ತಿಲ್ಲ. ಗೋ ಅರೌಂಡ್" ಎಂದೆ. ಈ ಸಲ ಹೇಳಿದವಳು ನಾನು.

ಎಷ್ಟೋ ಜನ ಕೇಳುತ್ತಾರೆ, ಅಂಥ ಹೊತ್ತಿನಲ್ಲಿ ಎದೆ ಒಡೆಯುವುದಿಲ್ಲವೇ ಎಂದು. ಎದೆಗೆ ಪುರುಸೊತ್ತೇ ಇರುವುದಿಲ್ಲ. ಚಕ್ರ ಮೇಲಕ್ಕೆ, ಎತ್ತರ ಇಷ್ಟು, ವೇಗ ಇಷ್ಟು, ಬಲಕ್ಕೆ ತಿರುಗು ಎಂದು ಕೈಯೂ ಬಾಯಿಯೂ ತಮ್ಮ ಪಾಡಿಗೆ ಕೆಲಸ ಮಾಡುತ್ತಿರುತ್ತವೆ. ಮತ್ತೆ ಸಾಸ್ವೆಹಳ್ಳಿಯ ಮೇಲೆ ಬಂದೆವು. ಅಲ್ಲಿಂದ ಎತ್ತರಕ್ಕೆ ಏರಿ ಬೆಂಗಳೂರಿನ ದಾರಿ ಹಿಡಿಯಬೇಕು. ಶೆಟ್ಟರು ಮೈಕಿನ ಕಡೆ ಕೈ ತೋರಿಸಿದರು. "ಕನ್ನಡದಲ್ಲಿ ನೀನೇ ಹೇಳಿಬಿಡು."

ಹೇಳಿದೆ. "ಆತ್ಮೀಯ ಪ್ರಯಾಣಿಕರೇ, ಪ್ರತಿಕೂಲ ಹವಾಮಾನದ ಕಾರಣ ನಾವು ಬೆಂಗಳೂರಿಗೆ ಪ್ರಯಾಣ ಮುಂದುವರಿಸುತ್ತಿದ್ದೇವೆ. ನಿಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ." ಚಿಗವ್ವನ ಮಗನಿಗೆ ನಾನು ಈ ಭಾಷೆಯಲ್ಲಿ ಸುದ್ದಿ ತಿಳಿಸಿದೆ. ನಡುವೆ ಇದ್ದದ್ದು ಒಂದು ಬಾಗಿಲು, ಅದನ್ನು ತೆಗೆಯುವ ಹಾಗಿರಲಿಲ್ಲ.

ಬೆಂಗಳೂರಿನಲ್ಲಿ ಎಲ್ಲರೂ ಇಳಿದ ಮೇಲೆ ಮಂಜಣ್ಣ ಬಂದು ಬಾಗಿಲ ಹತ್ತಿರ ನಿಂತ. ಕೈಯಲ್ಲಿ ಫೋನು ಹಿಡಿದಿದ್ದ. ಹನ್ನೊಂದೂವರೆಗೆ ಹೋದಳಂತೆ, ಅತ್ತಿಗೆ ಹೇಳಿದ್ದಳು. ಅವನು ಅಳಲಿಲ್ಲ, ಕೂಗಾಡಲೂ ಇಲ್ಲ. ಮೆಲ್ಲಗೆ ಕೇಳಿದ. "ಕಿಟಕೀಲಿ ನೆಲ ಕಾಣ್ತಿತ್ತಲ್ಲೇ ಗಿರಿಜಿ. ಗದ್ದೆ ಕಂಡ್ವು, ಲಾರಿ ಕಾಣ್ತು. ಅಪ್ಪಾಜಿ ಭತ್ತ ಹಾಕ್ತಿದ್ದ ಗಿರಣಿ ಕಾಣ್ತು. ನಂಗೆ ಕಂಡಿದ್ದು ನಿಂಗೆ ಕಾಣ್ಲಿಲ್ವೇನೇ?"

"ಕೆಳಕ್ಕೆ ಕಾಣ್ತು ಮಂಜಣ್ಣ. ಮುಂದಕ್ಕೆ ಕಾಣ್ಲಿಲ್ಲ" ಎಂದೆ. ಇದು ಪೂರ್ತಿ ನಿಜ. ಮೋಡದ ತೂತಿನಿಂದ ನೇರ ಕೆಳಗೆ ನೋಡುವವರಿಗೆ ನೆಲ ಸಿಗುತ್ತದೆ, ಓರೆಯಾಗಿ ಮುಂದೆ ನೋಡುವವರಿಗೆ ಆ ತೂತೇ ಇರುವುದಿಲ್ಲ. ಪರೀಕ್ಷೆಯಲ್ಲಿ ಇದಕ್ಕೆ ಉತ್ತರ ಬರೆದು ಪಾಸಾದವಳು ನಾನು.

ಅವನು ತಲೆಯಾಡಿಸಿದ. "ದೊಡ್ಡಪ್ಪನ ಬಸ್ಸಾಗಿದ್ರೆ ಇಳ್ದು ನಡ್ಕೊಂಡಾದ್ರೂ ಹೋಗ್ತಿದ್ದೆ" ಎಂದು ಮೆಟ್ಟಿಲಿಳಿದು ಹೋದ. ಮಧ್ಯಾಹ್ನ ಒಂದರ ಹೊತ್ತಿಗೆ ಅಲ್ಲಿ ಮೋಡ ಬಿಚ್ಚಿ ಬಿಸಿಲು ಬಂದಿತ್ತಂತೆ. ಅವನು ಕಾರಿನಲ್ಲಿ ಮನೆ ಸೇರುವಾಗ ದೀಪ ಹಚ್ಚಿದ್ದರು.

ನನಗೆ ರಜೆ ಸಿಕ್ಕಿದ್ದು ಮಾರನೇ ದಿನ. ಹೋಗುವಷ್ಟರಲ್ಲಿ ಹೊಲದಲ್ಲಿ ಕುಣಿ ತೋಡಿ ಮುಗಿದಿತ್ತು. ಚಿಗವ್ವನನ್ನು ಕೂರಿಸಿದ್ದರು, ಹಣೆ ತುಂಬ ವಿಭೂತಿ. ಮೂರು ಗೆರೆ ನೋಡಿ ಹೆಗಲು ಮುಟ್ಟಿಕೊಂಡೆ. ನಾನೂ ಒಂದು ಹಿಡಿ ಮಣ್ಣು ಹಾಕಿದೆ. ಅಪ್ಪ ಬಿಳಿಚೋಡಿನಿಂದ ಬಂದಿದ್ದ. ಬದುವಿನ ಮೇಲೆ ಅವನ ಪಕ್ಕ ಕೂತು, "ತಿರುಗಿಸಿಬಿಟ್ಟೆ ಅಪ್ಪ" ಎಂದೆ.

"ಕಲ್ಲು ಕಾಣ್ಲಿಲ್ಲ, ಅಲ್ವಾ?"

"ಇಲ್ಲ."

"ಮತ್ತಿನ್ನೇನ್ ಮಾಡಾಕಾಗ್ತಿತ್ತು" ಎಂದ. ಬಸ್ಸು ತಿರುಗಿಸುವಾಗಿನ ಗತ್ತು ಆ ದನಿಯಲ್ಲಿ ಇರಲಿಲ್ಲ. ಎದ್ದು ಕಾಲುವೆಗೆ ಹೋಗಿ ಮುಖ ತೊಳೆದುಕೊಂಡ.

ಮನೆಗೆ ಬಂದು ಒಳಗೆ ಹೋದೆ. ಅಡುಗೆಮನೆಯಲ್ಲಿ ಇನ್ನೂ ಸೀದ ವಾಸನೆ ಇತ್ತು. ಅತ್ತಿಗೆ ಹಿತ್ತಿಲಲ್ಲಿ ಪಾತ್ರೆಯೊಂದನ್ನು ಬೂದಿ ಹಾಕಿ ಉಜ್ಜುತ್ತಿದ್ದಳು, ತಳವೆಲ್ಲ ಕರಿ. ನಾನು ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತೆ. ಕೊನೆಯಲ್ಲಿ ಏನಾದರೂ ಅಂದಳಾ ಎಂದು ಕೇಳಿದೆ. ಕೇಳಬಾರದಿತ್ತು.

"ಹತ್ತೂವರೆ ಆಗಿತ್ತೇನೋ. ಮನೆ ಮೇಲೆ ಸದ್ದು ಬಂತು. ಎಲ್ಡ್ ದಿನದಿಂದ ಕಣ್ಣು ಬಿಡದೋರು ಕಣ್ಣು ಬಿಟ್ರು. ‘ಒಂದು. ಅನ್ನಕ್ಕಿಡು ಸುಮ, ನನ್ ಮಕ್ಳು ಬಂದ್ರು’ ಅಂದ್ರು. ಇಟ್ಟೆ. ಬಾಗಿಲ ಕಡೆನೇ ನೋಡ್ತಿದ್ರು."

ಅತ್ತಿಗೆ ಉಜ್ಜುವುದು ನಿಲ್ಲಿಸಿದಳು.

"ಆಮೇಲೆ ಇನ್ನ ಸ್ವಲ್ಪ ಹೊತ್ತಿಗೆ ಮತ್ತೆ ಸದ್ದು ಬಂತಲ್ಲ. ನಾನು ಜೋರಾಗಿ ಮಾತಾಡಾಕೆ ಶುರು ಮಾಡ್ದೆ ಗಿರಿಜಾ, ಅವರಿಗೆ ಕೇಳಿಸ್ಬಾರ್ದು ಅಂತ. ಕೇಳಿಸ್ತು. ಬೆರಳು ಮಡಚಿದ್ರು. ‘ಎರಡಾಯ್ತು. ಒಲೆ ಆರ್ಸು’ ಅಂದು ಗೋಡೆ ಕಡೆ ತಿರುಗಿದ್ರು. ಅಷ್ಟೆ."

"ಆರಿಸ್ಲಿಲ್ವಾ ಅತ್ತಿಗೆ?"

"ಇಲ್ಲ. ಹೆಂಗ್ ಆರಿಸ್ಲಿ? ಬಂದೇ ಬರ್ತೀರಿ ಅಂತ ಹಂಗೇ ಬಿಟ್ಟೆ."

ನಾನು ಅವಳ ಕೈಯಿಂದ ಪಾತ್ರೆ ಇಸಿದುಕೊಂಡೆ. ಸಂಜೆಯವರೆಗೂ ಉಜ್ಜಿದೆ, ತಳದ ಕರಿ ಹೋಗಲಿಲ್ಲ.